ಕಾಲೂರಿದ ಮೇಲೇ ಉತ್ತರ

ಬಸ್ ಡ್ರೈವರುಗಳೆಂದರೆ ಬಾಯಿ ಜೋರಿನವರು ಎಂದು ಯಾರಾದರೂ ನಂಬಿದ್ದರೆ, ಅವರು ಡ್ರೈವರಣ್ಣನ ಬಸ್ಸು ಹತ್ತಿಲ್ಲ ಎಂದೇ ಅರ್ಥ. ಸ್ಟೇರಿಂಗ್ ಹಿಡಿದ ಗಳಿಗೆಯಿಂದ ಬಿಡುವ ಗಳಿಗೆಯವರೆಗೆ ಆ ಪುಣ್ಯಾತ್ಮನ ಬಾಯಿಂದ ಒಂದಕ್ಷರ ಹೊರಡುತ್ತಿರಲಿಲ್ಲ. ಅಡ್ಡ ನುಗ್ಗಿದ ಲಾರಿಗೆ ಬೈಗುಳವಿಲ್ಲ, ಪಕ್ಕದ ಸೀಟಿನಲ್ಲಿ ಕೂತು ರಾಜಕೀಯ ಕೊರೆಯುವವರಿಗೆ ಹಾಂ ಇಲ್ಲ, ಹೂಂ ಇಲ್ಲ. ಡಿಪೋದವರು ಅವನಿಗೆ ಸೈಲೆನ್ಸರ್ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಮಾತು, ಜಗಳ, ಸಮಾಧಾನ ಎಲ್ಲವೂ ಹಿಂದೆ ನಿಂತ ಕಂಡಕ್ಟರನ ಪಾಲಿಗೆ.

ಹುಟ್ಟಿನಿಂದ ಹೀಗಿದ್ದವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಹಿಂದಿನ ಸೀಟಿನ ಅಜ್ಜಿಯೊಬ್ಬಳು, "ಮಗಾ, ಮುಂದಿನ ಸ್ಟಾಪು ಯಾವುದಪ್ಪಾ?" ಎಂದು ಕೇಳಿದಳು. ಹಿರಿಯರು ಕೇಳಿದಾಗ ಮುಖ ನೋಡಿ ಉತ್ತರ ಕೊಡಬೇಕೆಂದು ಬೆಳೆದ ಹುಡುಗ, ಕತ್ತು ತಿರುಗಿಸಿದ. ರಸ್ತೆಯೂ ಅಲ್ಲೇ ತಿರುಗಿತ್ತು, ಆದರೆ ಇನ್ನೊಂದು ಕಡೆಗೆ. ಬಸ್ಸು ಮುಂದಿನೆರಡು ಚಕ್ರಗಳನ್ನು ಪಕ್ಕದ ಕುಂಟೆಯ ನೀರಿಗಿಳಿಸಿ ನಿಂತಿತು. ಯಾರಿಗೂ ಒಂದು ಗೀರು ಗಾಯವಾಗಲಿಲ್ಲ. ಯಾರದೋ ಕೋಳಿಬುಟ್ಟಿಯೊಂದು ಮಾತ್ರ ಬಾಗಿಲಿನಿಂದ ಜಾರಿ ಕೋಳಿಗಳ ಸಮೇತ ತೇಲುತ್ತ ಹೋಯಿತು. ಅಜ್ಜಿ ಕಿಟಕಿಯಿಂದ ನೀರು ನೋಡಿ, "ಇದೇನಾ ಸ್ಟಾಪು?" ಎಂದಳಂತೆ. ಆವತ್ತು ಮುಚ್ಚಿದ ಬಾಯಿ ನೋಡಿ. ಅಡಿಯಲ್ಲಿ ಚಕ್ರ ಉರುಳುತ್ತಿದೆ ಎಂದರೆ ಸಾಕು, ಡ್ರೈವರಣ್ಣನ ಗಂಟಲು ತಾನಾಗಿಯೇ ಕಟ್ಟಿಕೊಳ್ಳುತ್ತಿತ್ತು.

ಇಂಥವನಿಗೆ ಸಿಕ್ಕ ಹೆಂಡತಿ ಎಂಥವಳು ಅಂತೀರಿ? ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಮಾತಾಡಬಲ್ಲವಳು. ಬೀದಿಗೆಲ್ಲ ಆಕೆ ಟೈಲರಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ: ಗೋಡೆಗೆ ಮುಖ ಮಾಡಿದ ಕಾಲುಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗಳಿಗೊಂದು ಬೆಂಚು, ಹಿತ್ತಲಿಗೆ ತೆರೆದುಕೊಳ್ಳುವ ಒಂದು ಕಿಟಕಿ. ಸುತ್ತಲಿನ ಶಾಲೆಗಳ ಸಮವಸ್ತ್ರವೆಲ್ಲ ಅವಳ ಕೈಯಿಂದಲೇ ಹೋಗಬೇಕು. ತುಳಿದೂ ತುಳಿದೂ ಅವಳು ಅದೆಷ್ಟು ದಾರಿ ಸವೆಸಿದ್ದಾಳೋ, ಆದರೆ ಕಣ್ಣೆದುರಿಗಿದ್ದದ್ದು ಅದೇ ಗೋಡೆ.

ಗಂಡ ಕತ್ತಲಿರುವಾಗಲೇ ಡ್ಯೂಟಿಗೆ ಹೋಗುವವನು, ಸಂಜೆ ಬಂದಾಗ ಬೆಂಚಿನ ತುಂಬ ಗಿರಾಕಿಗಳು. ಅವರು ಎದ್ದು ಹೋಗುವ ಹೊತ್ತಿಗೆ ಇವನು ಉಂಡು ಗೊರಕೆ ಹೊಡೆಯುತ್ತಿರುತ್ತಿದ್ದ. ಜಗಳವಿಲ್ಲ, ಮುನಿಸಿಲ್ಲ, ಒಳ್ಳೆಯ ಸಂಸಾರ. ಮಗಳನ್ನು ಓದಿಸಿ ಮದುವೆಯನ್ನೂ ಮಾಡಿದರು. ಆದರೂ ಟೈಲರಕ್ಕನಿಗೆ ಒಂದು ಆಸೆ ಉಳಿದೇ ಇತ್ತು. ಈ ಮನುಷ್ಯ ಇಷ್ಟು ವರ್ಷ ಆ ದೊಡ್ಡ ಗಾಜಿನ ಹಿಂದೆ ಕೂತು ಏನೇನು ನೋಡಿದ, ಏನಂದುಕೊಂಡ, ಅದನ್ನು ಅವನ ಬಾಯಿಂದಲೇ ಕೇಳಬೇಕು. ಅದೂ ಮನೆಯಲ್ಲಲ್ಲ. "ನೀವು ರಿಟೈರ್ ಆಗಿ, ಆಮೇಲೆ ನೋಡಿ. ಇಬ್ರೂ ಹೊಲದ ದಾರೀಲಿ ಮಾತಾಡ್ಕೊಂಡು ಸುತ್ತೋಣ," ಎಂದು ಅವಳು ಹೇಳುತ್ತಲೇ ಬಂದಿದ್ದಳು.

ರಿಟೈರ್ ಆದ ದಿನ ಡಿಪೋದವರು ಅವನಿಗೊಂದು ಸೈಕಲ್ಲು ಕೊಟ್ಟರು. ಬಸ್ಸು ಕೊಡೋಕಾಗಲ್ಲ, ಇದನ್ನಾದ್ರೂ ಇಟ್ಕೊ ಎಂದು ಕಂಡಕ್ಟರು ನಕ್ಕನಂತೆ. ಮಾರನೆಯ ದಿನವೇ ಟೈಲರಕ್ಕ ಸೈಕಲ್ ಶಾಪಿಗೆ ಹೋಗಿ, ಮುಂದೆ ಬುಟ್ಟಿಯಿದ್ದ ಹಸಿರು ಬಣ್ಣದ ಹಳೆಯ ಲೇಡೀಸ್ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದಳು. ಸಣ್ಣವಳಿದ್ದಾಗ ಕಲಿತದ್ದು ಮರೆತಿರಲಿಲ್ಲ. ಒಂದೇ ಕುಂದು, ಬ್ರೇಕಿಗಿಂತ ತನ್ನ ಕಾಲಿನ ಮೇಲೆಯೇ ಅವಳಿಗೆ ನಂಬಿಕೆ ಜಾಸ್ತಿ. ನಿಲ್ಲಬೇಕೆಂದರೆ ಎರಡೂ ಚಪ್ಪಲಿ ನೆಲಕ್ಕೆ ಉಜ್ಜುತ್ತ ನಿಲ್ಲುವವಳು.

ಮೊದಲನೆಯ ಭಾನುವಾರ ಇಬ್ಬರೂ ಬಾಗಿಲಿಗೆ ಬಂದರು. ಡ್ರೈವರಣ್ಣ ಸೀಟಿನ ಮೇಲೆ ಕೂತ, ಒಂದು ಕಾಲು ಪೆಡಲಿನ ಮೇಲಿಟ್ಟ, ಮುಂದೆ ನೋಡಿದ. ಹೊರಡಲೇ ಇಲ್ಲ. ಟೈಲರಕ್ಕ ಹಿಂದೆ ಕಾದಳು. ಗಾಳಿ ಇಳಿದಿದೆಯೋ, ಹೊಟ್ಟೆನೋವೋ ಎಂದು ಯೋಚಿಸಿದಳು. ಕೊನೆಗೆ ಏನೋ ಹೊಳೆದು, ಸಣ್ಣ ದನಿಯಲ್ಲಿ "ರೈಟ್" ಎಂದಳು. ತಕ್ಷಣ ಸೈಕಲ್ಲು ಹೊರಟಿತು. ಅವಳು ನಕ್ಕ ನಗುವಿಗೆ ಎದುರುಮನೆಯವರು ಎದ್ದು ಬಂದರು.

ಊರಾಚೆಯ ದಾರಿ ಚೆನ್ನಾಗಿತ್ತು. ಒಂದು ಕಡೆ ಸೂರ್ಯಕಾಂತಿ ಹೊಲ, ಇನ್ನೊಂದು ಕಡೆ ಕಾಲುವೆ, ಮಧ್ಯದಲ್ಲಿ ನೀಲಿ ಬಾಗಿಲಿನ ಪಂಪುಮನೆ, ಬಿಸಿಲು ಕಾಯಿಸುತ್ತ ಕೂತ ನಾಯಿಗಳು. ಯಾರಿಗೂ ಎಲ್ಲಿಗೂ ಹೊತ್ತಾಗಿರಲಿಲ್ಲ. ಗೋಡೆ ನೋಡಿ ನೋಡಿ ಸಾಕಾಗಿದ್ದ ಟೈಲರಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ, ಯಾರು ಬಿತ್ತಿದ ಹೊಲವೋ ಏನೋ, ಎಲ್ಲವೂ ತನ್ನದೇ ಅನ್ನಿಸಿತು.

"ಏನ್ರೀ, ಆ ಹಕ್ಕಿ ಯಾವುದು?" ಎಂದು ಕೇಳಿದಳು.

ಡ್ರೈವರಣ್ಣ ಬಲಗೈ ಚಾಚಿ ಮೇಲೆ ಕೆಳಗೆ ಆಡಿಸಿ, ನಿಲ್ಲಿಸುವ ಸೂಚನೆ ಕೊಟ್ಟ. ಹಿಂದೆ ಮುಂದೆ ನರಪಿಳ್ಳೆ ಇರಲಿಲ್ಲ. ನಿಧಾನವಾಗಿ ಎಡಕ್ಕೆ ಸರಿದ, ಬ್ರೇಕು ಹಾಕಿದ, ಕಾಲೂರಿದ, ಕತ್ತು ತಿರುಗಿಸಿದ.

"ಗೊತ್ತಿಲ್ಲ," ಎಂದ.

ಮತ್ತೆ ಮುಂದೆ ತಿರುಗಿದ, ಪೆಡಲಿನ ಮೇಲೆ ಕಾಲಿಟ್ಟ, ರೈಟ್‌ಗಾಗಿ ಕಾದ.

ಸುಳ್ಳಲ್ಲ, ಹೀಗೇ ನಡೆಯಿತು. ಆ ದಿನ ಮಾತ್ರವಲ್ಲ, ಆಮೇಲಿನ ಭಾನುವಾರಗಳೂ. ಅವಳು ಪ್ರಶ್ನೆ ಕೇಳಬೇಕು, ಅವನು ಕೈ ತೋರಿಸಬೇಕು, ಸರಿಯಬೇಕು, ನಿಲ್ಲಬೇಕು, ಕಾಲೂರಬೇಕು, ಆಮೇಲೆ ಉತ್ತರ. ಎಷ್ಟೋ ಸಲ ಅಷ್ಟೆಲ್ಲ ಸಂಭ್ರಮದ ಕೊನೆಗೆ ಹೊರಡುತ್ತಿದ್ದದ್ದು ಬರೀ ಒಂದು "ಹೂಂ." ಒಂದು ಸಲ ಹಿಂದಿನಿಂದ ಬಂದ ಹಾಲಿನವನು ಕ್ಯಾನುಗಳ ಸಮೇತ ಇವನ ಮೇಲೆ ಹತ್ತುವುದರಲ್ಲಿದ್ದ. "ಏನಣ್ಣಾ, ಹೀಗೆ ದಾರೀಲಿ ನಿಂತ್ರೆ ಹೇಗೆ?" ಎಂದು ಹಾಲಿನವನು ಕೇಳಿದ್ದಕ್ಕೆ ಟೈಲರಕ್ಕನೇ, "ಕ್ಷಮಿಸಪ್ಪಾ, ಹಸಿವಾಗ್ತಿದೆಯಾ ಅಂತ ಕೇಳಿಬಿಟ್ಟೆ, ತಪ್ಪು ನಂದೇ," ಎಂದಳು. ಏರು ದಾರಿಯಲ್ಲಿ ಸುಸ್ತಾದಾಗ ಬೇಕೆಂದೇ ಒಂದು ಪ್ರಶ್ನೆ ಎಸೆದು ಪುಕ್ಕಟೆ ವಿಶ್ರಾಂತಿ ಗಿಟ್ಟಿಸುವ ಉಪಾಯವನ್ನೂ ಕಂಡುಕೊಂಡಿದ್ದಳು.

ಮೊದಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಆಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹಕ್ಕಿಯ ಹೆಸರಲ್ಲವಲ್ಲ. ಪಕ್ಕದಲ್ಲೇ ಸೂರ್ಯಕಾಂತಿ ಹೊಲ ಸರಿಯುತ್ತಿರುತ್ತದೆ, ಗಂಡ ಮುಂದಿರುತ್ತಾನೆ, ಆದರೂ ಮೆಷಿನ್ನಿನ ಮುಂದೆ ಒಬ್ಬಳೇ ಕೂತ ಹಾಗೇ ಇರುತ್ತದೆ. ಗೋಡೆಯ ಬದಲು ಈಗ ಅವನ ಬೆನ್ನು, ಅಷ್ಟೇ. ಒಂದು ಸಂಜೆ ಕಾಜಾ ಹಾಕುತ್ತ ಕೂತವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಹೊಲಿಯುತ್ತಿದ್ದ ಅಂಗಿಗೆ ತೊಟ್ಟಿಕ್ಕೀತೆಂದು ಅದನ್ನು ಮೇಜಿನ ಮೇಲಿಟ್ಟು ಅತ್ತಳು.

ಹಿಂದಿನ ದಿನವಷ್ಟೇ ಬೇಕರಿಯಲ್ಲಿ ಕೆಲಸ ಮಾಡುವ ಅವಳ ತಂಗಿ, "ಅಕ್ಕಾ, ನಿನಗೆ ಅಷ್ಟು ಬೇಜಾರಾದ್ರೆ ಆ ಸೈಕಲ್ ನನಗೇ ಕೊಡು, ಬೆಳಿಗ್ಗೆ ಕೆಲಸಕ್ಕೆ ಹೋಗೋಕೆ ಆಗುತ್ತೆ," ಎಂದಿದ್ದಳು. ಟೈಲರಕ್ಕ ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ನೇರವಾಗಿ ಹೇಳಿದಳು.

"ಬರೋ ಭಾನುವಾರ ಕೊನೆ. ಸೈಕಲ್ ಓಡ್ತಿರುವಾಗ ನನ್ನ ಹತ್ರ ಮಾತಾಡ್ತೀರಾ, ಬರ್ತೀನಿ. ಇಲ್ವಾ, ಸೋಮವಾರ ತಂಗಿ ಬಂದು ತಗೊಂಡು ಹೋಗ್ತಾಳೆ. ಆಮೇಲೆ ನೀವು ಒಬ್ಬರೇ ಹೋಗಿ."

"ಒಬ್ಬನೇ ಹೋಗಿ ಏನು ಮಾಡ್ಲಿ?"

"ಈಗ ಏನು ಮಾಡ್ತಿದ್ದೀರೋ ಅದನ್ನೇ."

ಡ್ರೈವರಣ್ಣ ತಟ್ಟೆಯಲ್ಲೇ ಬೆರಳಾಡಿಸಿದ. "ನನಗೆ ಇಷ್ಟ ಇಲ್ಲ ಅಂತ ಅಲ್ಲ ಕಣೇ. ಚಕ್ರ ತಿರುಗಿದ್ರೆ ಇಲ್ಲಿ ಹಿಡ್ಕೊಂಡುಬಿಡುತ್ತೆ," ಎಂದು ಗಂಟಲು ಮುಟ್ಟಿ ತೋರಿಸಿದ. ಅವನ ಕಣ್ಣಲ್ಲಿ ನಿಜವಾದ ಭಯವಿತ್ತು. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ ಅವಳು.

ಆ ವಾರ ಹಿತ್ತಲಿನಲ್ಲಿ ನಡೆದದ್ದನ್ನು ಟೈಲರಕ್ಕ ಕಿಟಕಿಯಿಂದ ಕಂಡಳು. ಡ್ರೈವರಣ್ಣ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹತ್ತಿ ಕೂತು, ತುಳಿಯುತ್ತಿದ್ದ. ಹಿಂದಿನ ಚಕ್ರ ಗಾಳಿಯಲ್ಲಿ ಗಿರ್ರನೆ ತಿರುಗುತ್ತಿತ್ತು. ಬಾಯಿ ತೆರೆದ. "ಇವತ್ತು..." ಎಂದ. ಅಷ್ಟರಲ್ಲಿ ಕೈ ಹೋಗಿ ಬ್ರೇಕು ಹಿಡಿದೇಬಿಟ್ಟಿತು. ಚಕ್ರ ನಿಂತ ಮೇಲೆ, ಒಗೆಯುವ ಕಲ್ಲಿಗೆ ಮುಖ ಮಾಡಿ, "...ಮೋಡ ಆಗಿದೆ," ಎಂದು ಮುಗಿಸಿದ. ಮತ್ತೆ ತುಳಿದ. ಮತ್ತೆ "ಇವತ್ತು..." ಮತ್ತೆ ಬ್ರೇಕು. ಟೈಲರಕ್ಕನ ಬಾಯಲ್ಲಿದ್ದ ಗುಂಡುಸೂಜಿ ಒಳಗೆ ಹೋಗುವುದೊಂದು ಬಾಕಿ. ನಗಬೇಕೋ ಅಳಬೇಕೋ ತಿಳಿಯದೆ ಕಿಟಕಿಯ ಪರದೆ ಎಳೆದಳು. ಎದುರಿಗೆ ಕೂತಿದ್ದ ಗಿರಾಕಿ, "ಏನಕ್ಕಾ ಹಿತ್ತಲಲ್ಲಿ?" ಎಂದರೆ, "ಏನಿಲ್ಲ, ಬಸ್ಸು ಸ್ಟಾರ್ಟ್ ಆಗ್ತಿಲ್ಲ," ಎಂದಳು.

ಭಾನುವಾರ ಬಂತು. ಇಬ್ಬರೂ ಹೊರಟರು. ಟೈಲರಕ್ಕ ಹಟ ಹಿಡಿದವಳ ಹಾಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಮಾತಾಡಬೇಕಾದವನು ಅವನು ತಾನೇ, ತಾನಾಗಿ ಆಡಲಿ ಎಂದುಕೊಂಡಳು. ಮುಂದೆ ಹೋಗುತ್ತಿದ್ದವನ ಭುಜಗಳು ಆಗಾಗ ಮೇಲೇಳುತ್ತಿದ್ದವು, ಉಸಿರೆಳೆದುಕೊಳ್ಳುವವನ ಹಾಗೆ. ಮತ್ತೆ ಇಳಿಯುತ್ತಿದ್ದವು. ಸೂರ್ಯಕಾಂತಿ ಹೊಲ ಮುಗಿಯಿತು, ಪಂಪುಮನೆಯೂ ಹಿಂದಾಯಿತು. ಮಾತಿಲ್ಲ. ಸೈಕಲ್ಲಿನ ಬುಟ್ಟಿಯನ್ನು ತೊಳೆದು ಕೊಡಬೇಕು, ಬೆಲ್ಲು ಸ್ವಲ್ಪ ತುಕ್ಕು ಹಿಡಿದಿದೆ ಎಂದು ತಂಗಿಗೆ ಹೇಳಬೇಕು ಎಂದು ಅವಳು ಮನಸ್ಸಿನಲ್ಲೇ ಯೋಚಿಸತೊಡಗಿದಳು.

ಕಾಲುವೆಯ ತಿರುವಿನಲ್ಲಿ ರಸ್ತೆಯನ್ನು ಪೈಪು ಹಾಕಲು ಅಗೆದು ಬಿಟ್ಟಿದ್ದರು. ಆಚೆ ಹೋಗಬೇಕೆಂದರೆ ಕೆರೆ ಏರಿಯ ಮೇಲಿನ ಕಾಲುದಾರಿಯೊಂದೇ. ಡ್ರೈವರಣ್ಣ ಅದಕ್ಕೇ ತಿರುಗಿಸಿದ. ಟೈಲರಕ್ಕನೂ ಏನೂ ಯೋಚಿಸದೆ ಹಿಂದೆಯೇ ತಿರುಗಿಸಿದಳು. ನಾಲ್ಕು ಮಾರು ಹೋದ ಮೇಲೆ ಕೆಳಗೆ ನೋಡಿದಳು. ಎಡಗಡೆ ತುಂಬಿದ ಕೆರೆ. ಬಲಗಡೆ ಕಡಿದಾದ ಇಳಿಜಾರು, ಅದರ ತುಂಬ ಮುಳ್ಳುಪೊದೆ. ನಡುವೆ ಒಂದು ಸೈಕಲ್ಲು ಹೋಗುವಷ್ಟೇ ಮಣ್ಣಿನ ಪಟ್ಟಿ. ಕಾಲೂರೋಣವೆಂದರೆ ಎರಡೂ ಕಡೆ ಚಪ್ಪಲಿಗೆ ಸಿಗುವ ನೆಲವೇ ಇಲ್ಲ.

"ರೀ, ನಾನು ಬೀಳ್ತೀನಿ," ಎಂದಳು.

ಮುಂದಿದ್ದವನ ಕೈ ಅಭ್ಯಾಸದಂತೆ ಪಕ್ಕಕ್ಕೆ ಚಾಚಿಕೊಂಡಿತು. ಉತ್ತರ ಕೊಡಲು ಅವನು ನಿಲ್ಲಿಸಲಿದ್ದಾನೆ. ಅವನು ನಿಂತರೆ ಇವಳು ಹೋಗಿ ಅವನಿಗೇ ಗುದ್ದಬೇಕು, ಗುದ್ದಿದರೆ ಇಬ್ಬರೂ ಕೆರೆಗೆ.

"ನಿಲ್ಲಿಸಬೇಡ್ರೀ, ನಿಮ್ಮ ದಮ್ಮಯ್ಯ ನಿಲ್ಲಿಸಬೇಡಿ. ನನಗೆ ನಿಲ್ಲೋಕಾಗಲ್ಲ. ಹೋಗ್ತಾ ಇರಿ. ಏನಾದ್ರೂ ಮಾತಾಡ್ರೀ, ಇಲ್ಲಾಂದ್ರೆ ನಾನು ನೀರನ್ನೇ ನೋಡ್ತೀನಿ."

ಚಾಚಿದ್ದ ಕೈ ಹಿಂದಕ್ಕೆ ಹೋಗಿ ಹ್ಯಾಂಡಲ್ ಹಿಡಿಯಿತು. ಬೆರಳುಗಳು ಬ್ರೇಕಿನ ಮೇಲೆ ಬಿಗಿದದ್ದು ಅವಳಿಗೆ ಕಂಡಿತು. ಒಂದೊಂದಾಗಿ ಸಡಿಲವಾದದ್ದೂ ಕಂಡಿತು. ಸೈಕಲ್ಲು ನಿಲ್ಲಲಿಲ್ಲ. ಚಳಿ ಹಿಡಿದ ಇಂಜಿನ್ನು ಬೆಳಿಗ್ಗೆ ಕೆಮ್ಮುವ ಹಾಗೆ ಅವನ ಗಂಟಲಿನಿಂದ ಏನೋ ಸದ್ದು ಬಂತು. ಆಮೇಲೆ ಕತ್ತು ತಿರುಗಿಸದೆ, ಎದುರಿಗಿದ್ದ ಗಾಳಿಗೆ, ಜೋರಾಗಿ ಒಂದು ಮಾತು ಹೇಳಿದ.

"ಇಟ್ಟಿಗೆ ಗೂಡು."

"ಏನ್ರೀ?"

"ಹಳೇ ಸೇತುವೆ. ಜೋಡಿ ಬಾವಿ. ಶಾಲೆ ಗೇಟು." ಬೇರೇನೂ ತೋಚದೆ ತನ್ನ ರೂಟಿನ ಸ್ಟಾಪುಗಳನ್ನೇ ಕೂಗುತ್ತಿದ್ದ. ಅಷ್ಟು ವರ್ಷ ಕಂಡಕ್ಟರು ಕೂಗಿದ್ದನ್ನೇ. ಕೂಗುತ್ತ ಹೋದಂತೆ ದನಿ ಬಿಡಿಸಿಕೊಂಡಿತು. "ಇಟ್ಟಿಗೆ ಗೂಡಲ್ಲಿ ಒಬ್ಬ ಬಾತುಕೋಳಿ ಹೊಡ್ಕೊಂಡು ಬರ್ತಿದ್ದ ಕಣೇ. ದಿನಾ ನನ್ನ ಬಸ್ಸು ಬರೋ ಹೊತ್ತಿಗೇ ರಸ್ತೆ ದಾಟಿಸೋನು. ಒಂದು ದಿನ ಅವನು ಬಂದಿರಲಿಲ್ಲ. ಬಾತುಕೋಳಿಗಳು ಮಾತ್ರ ಬಂದು, ಸಾಲಾಗಿ ನಿಂತು, ಬಸ್ಸಿಗೆ ಕಾಯ್ತಿದ್ವು. ನಾನು ಬಂದು ನಿಲ್ಲಿಸಿದ ಮೇಲೇ ದಾಟಿದ್ದು. ಇದನ್ನ ನಿನಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಅಂದ್ಕೊಂಡು ಬಂದೆ. ಮನೇಲಿ ನೋಡಿದ್ರೆ ಬೆಂಚಿನ ತುಂಬ ಜನ. ಊಟ ಮಾಡಿ ಮಲಗಿಬಿಟ್ಟೆ."

ಟೈಲರಕ್ಕ ನೀರನ್ನು ಮರೆತಳು. ಕಣ್ಣು ಅವನ ಬೆನ್ನಿನ ಮೇಲೆ ನೆಟ್ಟಿತ್ತು, ಕಾಲು ತನ್ನಷ್ಟಕ್ಕೆ ತುಳಿಯುತ್ತಿತ್ತು.

"ಸೇತುವೆ ಹತ್ರ ಒಂದ್ಸಲ ಏನಾಯ್ತು ಗೊತ್ತಾ. ಮುಂದೆ ಒಂದು ಗಾಡಿ, ಅದರ ಮೇಲೆ ಕನ್ನಡಿ ಬೀರು. ಎದುರಿಂದ ಒಂದು ಬಸ್ಸು ನೇರ ನನ್ನ ಮೇಲೇ ಬರ್ತಿದೆ. ಹಾರ್ನ್ ಹೊಡೆದೆ, ಅವನು ಸರಿಯಲಿಲ್ಲ. ಎಂಥಾ ಕತ್ತೆ ಡ್ರೈವರು ಇವನು ಅಂದ್ಕೊಂಡು ಮುಖ ನೋಡಿದೆ, ನಾನೇ. ಅದನ್ನೂ ಹೇಳಬೇಕು ಅಂತ ಇದ್ದೆ. ಆವತ್ತು ನಿನಗೆ ಜ್ವರ." ಒಂದು ಉಸಿರು ತೆಗೆದುಕೊಂಡ. "ಆಮೇಲೆ ಶಾಲೆ ಗೇಟು. ಮಕ್ಕಳು ದಬದಬ ಹತ್ತೋರು. ತಲೆ ಮೇಲಿನ ಕನ್ನಡೀಲಿ ನೋಡ್ತಿದ್ದೆ, ಅರ್ಧ ಬಸ್ಸು ನಿನ್ನ ಹೊಲಿಗೆ. ಹೇಗೆ ಗೊತ್ತಾಗ್ತಿತ್ತು ಅಂತೀಯಾ? ಜೇಬಿನ ಮೂಲೆಗೆ ನೀನು ಅಡ್ಡಕ್ಕೆ ಎರಡು ಹೊಲಿಗೆ ಹಾಕ್ತೀಯ, ಬೇರೆ ಯಾರೂ ಹಾಕಲ್ಲ. ದಿನಾ ನೋಡ್ತಿದ್ದೆ, ಅದಕ್ಕೇ ನೀನೂ ಬಸ್ಸಲ್ಲೇ ಇದ್ದೀಯ ಅನ್ಸೋದು. ಆ ಟ್ರಿಪ್ಪಲ್ಲಿ ಬ್ರೇಕು ಮೆತ್ತಗೆ ಹಾಕ್ತಿದ್ದೆ. ಬಿದ್ದು ಬಟ್ಟೆ ಹರಿದ್ರೆ ಮತ್ತೆ ನಿನಗೇ ತಾನೇ ಕೆಲಸ."

ಏರಿ ಯಾವಾಗ ಮುಗಿಯಿತೋ ಅವಳಿಗೆ ತಿಳಿಯಲಿಲ್ಲ. ಚಕ್ರದಡಿ ಅಗಲವಾದ ಹುಲ್ಲುನೆಲ ಬಂದಾಗ ಚಪ್ಪಲಿ ಉಜ್ಜಿ ನಿಂತಳು. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ, ನಿಲ್ಲದೆ ಗತಿಯಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು. ಈ ಮನುಷ್ಯ ಎಲ್ಲವನ್ನೂ ಅವಳಿಗೆಂದೇ ಎತ್ತಿಟ್ಟಿದ್ದ, ಒಂದನ್ನೂ ಚೆಲ್ಲಿರಲಿಲ್ಲ.

ತಲೆಯೆತ್ತಿ ನೋಡಿದರೆ ಡ್ರೈವರಣ್ಣನಿಲ್ಲ. ಅವನು ನಿಂತೇ ಇರಲಿಲ್ಲ. ಹೆಂಡತಿ ಹಿಂದೆಯೇ ಇದ್ದಾಳೆಂದು ನಂಬಿ, ಡ್ರೈವರನಾದವನು ಹಿಂದೆ ನೋಡಬಾರದೆಂಬ ತನ್ನ ನಿಯಮ ಮುರಿಯದೆ, ಮಾತಾಡುತ್ತ ಮಾತಾಡುತ್ತ ಜೋಳದ ಹೊಲದ ತಿರುವು ದಾಟಿ ಹೋಗಿದ್ದ. ಜೋಳದ ಆಚೆಯಿಂದ ಅವನ ದನಿ ಮಾತ್ರ ಕೇಳಿಸುತ್ತಿತ್ತು, ದೂರವಾಗುತ್ತಿತ್ತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು, ಒಬ್ಬನೇ ಯಾರಿಗೆ ಹೇಳಿಕೊಂಡು ಹೋಗುತ್ತಿದ್ದಾನೆ ಈತ ಎಂದು ಬಾಯಿಬಿಟ್ಟು ನೋಡುತ್ತಿದ್ದಳು.

"ನನ್ನ ಗಂಡ. ನನಗೇ ಹೇಳ್ತಿರೋದು," ಎಂದಳು ಟೈಲರಕ್ಕ, ಸೈಕಲ್ ಹತ್ತುತ್ತ.

ಅಯ್ಯೋ, ಎಷ್ಟು ಮಾತು ಹೋಯಿತೋ ಎಂದು ಅವಳ ಜೀವ ಚಡಪಡಿಸಿತು. ಮೆಷಿನ್ನು ತುಳಿದು ಗಟ್ಟಿಯಾದ ಕಾಲು ಆ ದಿನ ನಿಜವಾಗಿ ಉಪಯೋಗಕ್ಕೆ ಬಂತು. ಬುಟ್ಟಿ ಗಡಗಡ ಕುಣಿಯಿತು, ಒಂದು ಚಪ್ಪಲಿ ಕಳಚಿ ದಾರಿಯಲ್ಲಿ ಬಿತ್ತು, ಬಿದ್ದಿರಲಿ ಎಂದು ಬಿಟ್ಟಳು. ತಿರುವು ದಾಟಿ, ಇಳಿಜಾರು ಇಳಿದು, ಏದುಸಿರು ಬಿಡುತ್ತ ಅವನ ಹಿಂಚಕ್ರದ ಹತ್ತಿರ ಬಂದಳು. ಅವನಿಗೆ ಯಾವುದೂ ಗೊತ್ತಾಗಿರಲಿಲ್ಲ.

"...ಅಷ್ಟು ಹೇಳಿದ್ರೂ ಕೇಳಲಿಲ್ಲ ಕಣೇ ಅವಳು," ಎನ್ನುತ್ತಿದ್ದ ಡ್ರೈವರಣ್ಣ, ಹುರುಪಿನಿಂದ. "ಸೀದಾ ಬಂದು ಆ ಮೂಟೆ ನನ್ನ ಗೇರಿನ ಪಕ್ಕ ಇಟ್ಟಳು. ಇಟ್ಟು ಇಳಿದೇ ಹೋದಳು. ಒಳಗಡೆ ಏನೋ ಅಲ್ಲಾಡ್ತಿದೆ..."

ಯಾರು ಅವಳು? ಯಾವ ಮೂಟೆ? ಎಲ್ಲಿ ಇಳಿದು ಹೋದಳು? ಟೈಲರಕ್ಕನ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಮುಗಿಬಿದ್ದವು. ಒಂದೇ ಒಂದು ಕೇಳಿದರೂ ಅವನ ಕೈ ಬ್ರೇಕಿಗೆ ಹೋದೀತು. ಜೀವಮಾನದಲ್ಲಿ ಮೊದಲ ಸಲ ಅವಳು ತುಟಿ ಕಚ್ಚಿ ಹಿಡಿದಳು. ಏದುಸಿರು ಕೂಡ ಅವನಿಗೆ ಕೇಳಿಸಬಾರದೆಂದು ಮೂಗಿನಲ್ಲೇ ಉಸಿರಾಡುತ್ತ, ಒಂದೇ ಚಪ್ಪಲಿಯಲ್ಲಿ, ಸದ್ದಿಲ್ಲದೆ ಹಿಂದೆ ಹಿಂದೆ ತುಳಿದಳು.